ಅಪಾರ್ಟ್‌ಮೆಂಟ್ ಹಾಲ್‌ಗೆ ಊಟದ ಟೇಬಲ್: ಅಳತೆಯಿಂದ ಆರ್ಡರ್‌ವರೆಗೆ

ಹಾಲ್‌ಗೆ ಊಟದ ಟೇಬಲ್ ತರೋಣ ಅಂತ ಕಮಿಟಿಯಲ್ಲಿ ಮಾತು ಬಂದ ಕೂಡಲೇ ಯಾರಾದರೂ ಮೊಬೈಲ್ ತೆಗೆದು ಫೋಟೊ ತೋರಿಸಲು ಶುರು ಮಾಡುತ್ತಾರೆ. ಬಣ್ಣ ಚೆನ್ನಾಗಿದೆ, ಆಫರ್ ಇದೆ, ಬೇಗ ಬುಕ್ ಮಾಡೋಣ ಅನ್ನುವಲ್ಲಿಗೆ ಚರ್ಚೆ ಮುಗಿಯುತ್ತದೆ. ಮನೆಯ ಟೇಬಲ್‌ಗೆ ಇಷ್ಟು ಸಾಕಾಗಬಹುದು. ನೂರಾರು ಜನ ಬಳಸುವ ಹಾಲ್‌ಗೆ ಸಾಕಾಗುವುದಿಲ್ಲ. ಅಲ್ಲಿ ಒಂದು ಭಾನುವಾರ ನಾಮಕರಣ, ಇನ್ನೊಂದು ಭಾನುವಾರ ವಾರ್ಷಿಕ ಸಭೆ, ಮಧ್ಯದಲ್ಲಿ ಗಣೇಶನ ಹಬ್ಬದ ಊಟ. ಅದೇ ಟೇಬಲ್ ಎಲ್ಲಕ್ಕೂ ಒದಗಬೇಕು.

ಹಾಗಾಗಿ ಆಯ್ಕೆ ಶುರುವಾಗಬೇಕಾದದ್ದು ಎರಡು ಪ್ರಶ್ನೆಗಳಿಂದ. ನಿಮ್ಮ ಹಾಲ್‌ನಲ್ಲಿ ಊಟ ಬಡಿಸುವುದು ಹೇಗೆ? ಆ ಟೇಬಲನ್ನು ಎತ್ತಿ ಇಡುವವರು, ಒರೆಸುವವರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕರೆ ಅಗಲ, ಎತ್ತರ, ಸಾಮಗ್ರಿ ಎಲ್ಲ ಹೆಚ್ಚು ಕಡಿಮೆ ತಾವಾಗಿಯೇ ತೀರ್ಮಾನವಾಗುತ್ತವೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳು, ಬಡಾವಣೆ ಸಂಘಗಳು, ಸಣ್ಣ ಸಮುದಾಯ ಭವನಗಳು, ಅಂದರೆ 50ರಿಂದ 200 ಜನ ಊಟ ಮಾಡುವ ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹಂತ 1: ಒಂದು ವರ್ಷದ ಊಟಗಳನ್ನು ಪಟ್ಟಿ ಮಾಡಿ

ಹಾಲ್ ಬುಕಿಂಗ್ ಪುಸ್ತಕ ತೆಗೆಯಿರಿ. ಹಿಂದಿನ ಹನ್ನೆರಡು ತಿಂಗಳಲ್ಲಿ ಏನೇನು ನಡೆಯಿತು, ಎಷ್ಟು ಜನ ಬಂದರು, ಊಟ ಹೇಗಿತ್ತು ಅಂತ ಬರೆದುಕೊಳ್ಳಿ. ಮೂರು ಬಗೆ ಕಾಣಿಸುತ್ತವೆ. ಒಂದು ಎಲೆ ಊಟ: ಯುಗಾದಿ, ಗಣೇಶನ ಹಬ್ಬ, ಓಣಂ ಹಬ್ಬದ ಊಟ, ನಾಮಕರಣ, ವೈಕುಂಠ ಸಮಾರಾಧನೆ. ಇನ್ನೊಂದು ಬಫೆ: ಹುಟ್ಟುಹಬ್ಬ, ನಿಶ್ಚಿತಾರ್ಥ, ಹೊಸ ವರ್ಷ. ಮೂರನೆಯದು ತಿಂಡಿ-ಕಾಫಿ: ಸಭೆ, ನವೆಂಬರ್ 1ರ ರಾಜ್ಯೋತ್ಸವ, ಆಗಸ್ಟ್ 15ರ ಧ್ವಜಾರೋಹಣ.

ಊಟ ಇಲ್ಲದ ದಿನಗಳನ್ನೂ ಸೇರಿಸಿ. ಮಕ್ಕಳ ಚಿತ್ರಕಲೆ ಕ್ಲಾಸು, ಆರೋಗ್ಯ ತಪಾಸಣೆ ಶಿಬಿರ, ಹಳೆ ಪುಸ್ತಕ ಮಾರಾಟ, ಎಲ್ಲಕ್ಕೂ ಇವೇ ಟೇಬಲ್‌ಗಳನ್ನು ಎಳೆದುಕೊಂಡು ಬರುತ್ತಾರೆ.

ಪಟ್ಟಿ ಆದ ಮೇಲೆ ಮೂರು ಜನರ ಹತ್ತಿರ ಮಾತಾಡಿ. ನಿಮ್ಮಲ್ಲಿಗೆ ಹೆಚ್ಚಾಗಿ ಬರುವ ಅಡುಗೆ ಕಂಟ್ರ್ಯಾಕ್ಟರ್, ಹಾಲ್ ಸ್ವಚ್ಛ ಮಾಡುವ ಹೌಸ್‌ಕೀಪಿಂಗ್ ಸಿಬ್ಬಂದಿ, ಮತ್ತೆ ಎಲ್ಲ ಕಾರ್ಯಕ್ರಮಕ್ಕೂ ತಪ್ಪದೆ ಬರುವ ಹಿರಿಯರಲ್ಲಿ ಒಬ್ಬರು. "ಈಗ ಏನು ಕಷ್ಟ ಆಗ್ತಿದೆ?" ಅಂತಷ್ಟೇ ಕೇಳಿ. ಬಡಿಸುವವರು ಓಡಾಡಲು ಜಾಗ ಇಲ್ಲ ಅಂತಾರೆ. ಒರೆಸುವವರು ಅಂಚಿನಲ್ಲಿ ಸಾರು ಇಳಿದು ನಾರುತ್ತದೆ ಅಂತಾರೆ. ಅಜ್ಜಿ ಮೊಣಕಾಲು ಕಂಬಿಗೆ ತಾಗುತ್ತದೆ ಅಂತಾರೆ. ಯಾವ ಕ್ಯಾಟಲಾಗಿನಲ್ಲೂ ಸಿಗದ ಮಾಹಿತಿ ಇದು. ಕಮಿಟಿ ಮೀಟಿಂಗಿಗೆ ಈ ಮೂವರನ್ನು ಯಾರೂ ಕರೆಯುವುದಿಲ್ಲ. ದಯವಿಟ್ಟು ಕರೆಯಿರಿ.

ವರ್ಷಕ್ಕೆ ಎರಡೋ ಮೂರೋ ಊಟ ಮಾತ್ರ ಇದ್ದರೆ ಇಲ್ಲಿಗೇ ನಿಲ್ಲಿಸಿ. ಶಾಮಿಯಾನ ಅಂಗಡಿಯಿಂದ ಬಾಡಿಗೆಗೆ ತರುವುದೇ ಸರಿ. ಕೊಂಡ ಟೇಬಲ್‌ಗೆ ಬೆಲೆಯ ಜೊತೆಗೆ ಇಡಲು ಜಾಗವೂ ಬೇಕು, ನೋಡಿಕೊಳ್ಳಲು ಮನುಷ್ಯರೂ ಬೇಕು.

ಹಂತ 2: ಹಾಲ್ ಅಳೆಯಿರಿ, ಲಿಫ್ಟನ್ನೂ ಅಳೆಯಿರಿ

ಬಿಲ್ಡರ್ ಕೊಟ್ಟ ನಕ್ಷೆಯ ಅಳತೆಯನ್ನು ನಂಬಬೇಡಿ. ಟೇಪ್ ಹಿಡಿದು ಗೋಡೆಯಿಂದ ಗೋಡೆಗೆ ನೀವೇ ಅಳೆಯಿರಿ. ಕಂಬಗಳು ಎಲ್ಲಿವೆ, ಬಾಗಿಲು ಯಾವ ಕಡೆ ತೆರೆಯುತ್ತದೆ, ಕೈ ತೊಳೆಯುವ ಜಾಗ ಎಲ್ಲಿದೆ ಅಂತ ಗುರುತು ಹಾಕಿ. ವೇದಿಕೆಯ ಮುಂದೆ, ತುರ್ತು ಬಾಗಿಲಿನ ಮುಂದೆ, ಕೈ ತೊಳೆಯುವಲ್ಲಿ ಟೇಬಲ್ ಹಾಕುವಂತಿಲ್ಲ. ಆ ಜಾಗ ಕಳೆದ ಮೇಲೆ ಉಳಿದದ್ದೇ ನಿಮ್ಮ ಊಟದ ಜಾಗ.

ಹಾಲ್ ಮೇಲಿನ ಮಹಡಿಯಲ್ಲಿದ್ದರೆ ಲಿಫ್ಟಿನ ಬಾಗಿಲು, ಒಳಗಿನ ಎತ್ತರ ಎರಡನ್ನೂ ಅಳೆಯಿರಿ. ಸಾಮಾನ್ಯವಾಗಿ ಲಿಫ್ಟ್ ಬಾಗಿಲು 2 ಮೀಟರ್, ಅಂದರೆ ಆರೂವರೆ ಅಡಿ ಎತ್ತರ ಇರುತ್ತದೆ. 6 ಅಡಿ ಟೇಬಲನ್ನು ನಿಲ್ಲಿಸಿಕೊಂಡು ಆರಾಮವಾಗಿ ಒಯ್ಯಬಹುದು. 8 ಅಡಿಯದ್ದು ನಿಲ್ಲುವುದಿಲ್ಲ, ಮಲಗಿಸಿದರೆ ಬಾಗಿಲು ಮುಚ್ಚುವುದಿಲ್ಲ. ಪ್ರತಿ ಸಲ ಮೆಟ್ಟಿಲಲ್ಲಿ ಹೊತ್ತು ಹತ್ತಬೇಕು, ಗೋಡೆಯ ಬಣ್ಣ ಕೆರೆದು ಹೋಗುತ್ತದೆ. ಈ ಒಂದೇ ಕಾರಣಕ್ಕೆ ನಾನು ಅಪಾರ್ಟ್‌ಮೆಂಟುಗಳಿಗೆ 6 ಅಡಿ ಉದ್ದವನ್ನೇ ಹೇಳುತ್ತೇನೆ.

ಹಂತ 3: ಅಗಲ ತೀರ್ಮಾನಿಸಿ, ಇಡೀ ಕೆಲಸದಲ್ಲಿ ದೊಡ್ಡ ನಿರ್ಧಾರ ಇದೇ

ಒಬ್ಬರಿಗೆ ಟೇಬಲ್ಲಿನ ಉದ್ದದಲ್ಲಿ 24 ಇಂಚು ಬೇಕು. ಇದಕ್ಕಿಂತ ಕಡಿಮೆಯಾದರೆ ಮೊಣಕೈಗೆ ಮೊಣಕೈ ತಾಗುತ್ತದೆ. 6 ಅಡಿಯಲ್ಲಿ ಒಂದು ಬದಿಗೆ ಮೂವರು. ನಾಲ್ವರನ್ನು ಕೂರಿಸಬಹುದು ಅಂತ ಅಂಗಡಿಯವರು ಹೇಳುತ್ತಾರೆ. ಮಕ್ಕಳಾದರೆ ಸರಿ, ಎಲೆ ಹಾಕಿದರೆ ಆಗುವುದಿಲ್ಲ. ಎಲೆಯೇ ಒಂದೂವರೆ ಎರಡು ಅಡಿ ಇರುತ್ತದೆ.

ಇನ್ನು ಅಗಲ. ಎಲೆ ಊಟದಲ್ಲಿ ಬಡಿಸುವವರು ಎದುರಿನಿಂದ ಬರುತ್ತಾರೆ. ಮೊದಲು ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಆಮೇಲೆ ಅನ್ನ, ಸಾರು, ಹುಳಿ, ಒಬ್ಬಟ್ಟು, ಮಜ್ಜಿಗೆ. ಒಂದು ಪಂಕ್ತಿಯಲ್ಲಿ ಒಬ್ಬೊಬ್ಬರ ಎಲೆಗೂ ಹತ್ತು ಹದಿನೈದು ಸಲ ಸೌಟು ಬರಬೇಕು. ಬಕೆಟ್ ಹಿಡಿದವರು ಬಗ್ಗದೆ ಎಲೆ ಮುಟ್ಟುವಂತಿರಬೇಕು. ಕಲ್ಯಾಣ ಮಂಟಪಗಳಲ್ಲಿ ಟೇಬಲ್ ಅಷ್ಟು ಕಿರಿದಾಗಿರುವುದು, ಒಂದೇ ಬದಿಗೆ ಕೂರಿಸುವುದು ಇದಕ್ಕಾಗಿಯೇ. 18 ಇಂಚು ಅಗಲ ಇದ್ದರೆ ಎಲೆ ಹಿಡಿಯುತ್ತದೆ, ಮೇಲೆ ನೀರಿನ ಲೋಟಕ್ಕೂ ಜಾಗ ಸಿಗುತ್ತದೆ. 30 ಇಂಚಿನ ಟೇಬಲ್‌ಗೆ ಎದುರು ಬದುರು ಜನ ಕೂತರೆ ಬಡಿಸುವವರು ಹೆಗಲ ಮೇಲಿಂದ ಬಡಿಸಬೇಕು. ಬಿಸಿ ಸಾರು ಯಾರ ಮೈ ಮೇಲೆ ಬೀಳುತ್ತೋ ಅನ್ನುವ ಭಯ ಇಬ್ಬರಿಗೂ.

ಬಫೆಗೆ ಇದರ ಉಲ್ಟಾ. ತಟ್ಟೆ ಹಿಡಿದುಕೊಂಡು ಬಂದು ಎದುರು ಬದುರು ಕೂತು ಹರಟುತ್ತಾ ತಿನ್ನುತ್ತಾರೆ. ಅದಕ್ಕೆ ಕನಿಷ್ಠ 30 ಇಂಚು ಅಗಲ ಬೇಕು, 36 ಇದ್ದರೆ ಇನ್ನೂ ಚೆನ್ನ. ದುಂಡು ಟೇಬಲ್ ಆದರೆ 5 ಅಡಿ ವ್ಯಾಸಕ್ಕೆ ಎಂಟು ಜನ. ನೋಡಲು ಚೆಂದ, ಮಾತಿಗೂ ಚೆಂದ. ಆದರೆ ದುಂಡು ಟೇಬಲ್ಲಿನಲ್ಲಿ ಎಲೆ ಹಾಕಿದರೆ ತುದಿಗಳು ಒಂದರ ಮೇಲೊಂದು ಬರುತ್ತವೆ, ಬಡಿಸುವವರಿಗೆ ಸಾಲೇ ಇಲ್ಲ. ಚಿತ್ರಕಲೆ ಕ್ಲಾಸಿಗೂ ಸಭೆಗೂ ಅದು ಒಗ್ಗುವುದಿಲ್ಲ. ಉರುಳಿಸಿಕೊಂಡು ಹೋಗುವಾಗ ಅಂಚು ಒಡೆಯುತ್ತದೆ.

ಹಾಗಾದರೆ ಎರಡೂ ಬಗೆ ಕೊಳ್ಳಬೇಕಾ? ಬೇಡ. 6 ಅಡಿ ಉದ್ದ, 18 ಇಂಚು ಅಗಲದ ಮಡಚುವ ಟೇಬಲ್‌ಗಳನ್ನೇ ಕೊಳ್ಳಿ. ಒಂದೊಂದಾಗಿ ಸಾಲು ಹಾಕಿದರೆ ಪಂಕ್ತಿ ಊಟ. ಎರಡನ್ನು ಉದ್ದದ ಬದಿಗಳು ತಾಗುವಂತೆ ಅಕ್ಕಪಕ್ಕ ಜೋಡಿಸಿದರೆ 36 ಇಂಚು ಅಗಲದ, ಆರು ಜನ ಎದುರು ಬದುರು ಕೂರುವ ಟೇಬಲ್. ಅದೇ ಜೋಡಿ ಬಫೆಯ ಪಾತ್ರೆ ಇಡುವ ಕೌಂಟರೂ ಆಗುತ್ತದೆ. ಒಂದೇ ಅಳತೆಯ ಟೇಬಲ್‌ಗಳಾದರೆ ಜೋಡಿಸಿ ಇಡುವುದೂ ಸುಲಭ, ಮುರಿದರೆ ಬದಲಿಸುವುದೂ ಸುಲಭ. ಆದರೆ ಎಲ್ಲದರ ಎತ್ತರ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಬಾರದು. ಜೋಡಿಸಿದಾಗ ನಡುವೆ ಮೆಟ್ಟಿಲು ಬಂದರೆ ಲೋಟ ಉರುಳುತ್ತದೆ. ಒಂದೇ ಕಡೆ, ಒಂದೇ ಸಲ ಮಾಡಿಸಿ ಅನ್ನುವುದು ಈ ಕಾರಣಕ್ಕೆ.

ಹಂತ 4: ಎಷ್ಟು ಬೇಕು ಅಂತ ಲೆಕ್ಕ ಹಾಕಿ

ಉದಾಹರಣೆಗೆ ನಿಮ್ಮ ಹಾಲ್ 40 ಅಡಿ ಉದ್ದ, 30 ಅಡಿ ಅಗಲ ಅಂದುಕೊಳ್ಳಿ. ಉದ್ದದಲ್ಲಿ ಎರಡೂ ತುದಿಗೆ 5 ಅಡಿ ಬಿಟ್ಟರೆ ಸಾಲಿಗೆ 30 ಅಡಿ ಸಿಗುತ್ತದೆ. ಅಂದರೆ ಐದು ಟೇಬಲ್, ಹದಿನೈದು ಜನ.

ಈಗ ಅಗಲ ನೋಡಿ. ಎಲೆ ಊಟಕ್ಕೆ ಎರಡು ಸಾಲು ಒಂದಕ್ಕೊಂದು ಮುಖ ಮಾಡಿರುತ್ತವೆ, ನಡುವೆ ಬಡಿಸುವವರ ಓಣಿ. ಕುರ್ಚಿಗೆ 2 ಅಡಿ, ಟೇಬಲ್‌ಗೆ ಒಂದೂವರೆ, ಓಣಿಗೆ 4, ಮತ್ತೆ ಟೇಬಲ್ ಒಂದೂವರೆ, ಕುರ್ಚಿ 2, ಕುರ್ಚಿಯ ಹಿಂದೆ ಜನ ಹೋಗಿ ಬರಲು 2. ಒಟ್ಟು 13 ಅಡಿ. ಇಂಥ ಎರಡು ಜೋಡಿಗೆ 26 ಅಡಿ, ಇನ್ನೊಂದು ಗೋಡೆಯ ಕಡೆ 2 ಅಡಿ ಬಿಟ್ಟರೂ 30ರೊಳಗೆ ಆಯಿತು. ನಾಲ್ಕು ಸಾಲು, ಇಪ್ಪತ್ತು ಟೇಬಲ್, ಒಂದು ಪಂಕ್ತಿಗೆ 60 ಜನ. 180 ಜನ ಬಂದರೆ ಮೂರು ಪಂಕ್ತಿ.

ಓಣಿಯಲ್ಲಿ ಜಿಪುಣತನ ಮಾಡಬೇಡಿ. 3 ಅಡಿಗೆ ಇಳಿಸಿದರೆ ಇನ್ನೊಂದು ಸಾಲು ಹಾಕಬಹುದು ಅನ್ನಿಸುತ್ತದೆ. ಹುಳಿ ಬಕೆಟ್ ಹಿಡಿದವರು, ಅನ್ನದ ಪಾತ್ರೆ ಹಿಡಿದವರು ಎದುರು ಬದುರಾದಾಗ ಒಬ್ಬರು ನಿಂತು ಕಾಯಬೇಕಾಗುತ್ತದೆ. ಊಟ ತಡವಾಗುತ್ತದೆ, ಎರಡನೇ ಪಂಕ್ತಿಯವರು ಬಾಗಿಲಲ್ಲಿ ನಿಂತಿರುತ್ತಾರೆ. ಸಾಲು ಜಾಸ್ತಿ ಆಗಿದ್ದರಿಂದ ಏನೂ ಲಾಭ ಆಗುವುದಿಲ್ಲ.

ಅದೇ ಇಪ್ಪತ್ತು ಟೇಬಲ್ ಬಫೆ ದಿನ ಹೇಗೆ ಅಂತ ನೋಡಿ. ಎರಡೆರಡು ಜೋಡಿಸಿದರೆ ಹತ್ತು ದೊಡ್ಡ ಟೇಬಲ್, ಒಂದೊಂದಕ್ಕೆ ಆರು ಜನ, ಮತ್ತೆ 60. ಆದರೆ ಈಗ ಎರಡೇ ಸಾಲು. ಒಂದು ಸಾಲಿಗೆ ಕುರ್ಚಿ ಸೇರಿ 7 ಅಡಿ. ಸಾಲುಗಳ ನಡುವೆ 3 ಅಡಿ, ಒಂದು ಗೋಡೆಯ ಕಡೆ ಒಂದೂವರೆ ಅಡಿ ಬಿಟ್ಟರೂ ಇನ್ನೊಂದು ಕಡೆ 11 ಅಡಿಗೂ ಹೆಚ್ಚು ಜಾಗ ಖಾಲಿ ಉಳಿಯುತ್ತದೆ. ಬಫೆ ಕೌಂಟರು, ಅದರ ಮುಂದಿನ ಕ್ಯೂ ಅಲ್ಲಿ ಆರಾಮವಾಗಿ ಹಿಡಿಸುತ್ತದೆ.

ಜನ ಕೂರುವ ಟೇಬಲ್‌ಗಳ ಜೊತೆಗೆ ಪಾತ್ರೆ ಇಡಲು ನಾಲ್ಕು, ಕೈಮೀರಿದಾಗ ಬೇಕಾಗುವ ಎರಡು ಸೇರಿಸಿ. ನಮ್ಮ ಉದಾಹರಣೆಗೆ 26. ಎಲ್ಲ ಮನೆಯವರೂ ಒಟ್ಟಿಗೆ ಕೂರಬೇಕು ಅಂತ 200 ಜನರ ಲೆಕ್ಕಕ್ಕೆ ಕೊಳ್ಳಬೇಡಿ. ಅಷ್ಟು ಜನ ಸೇರುವುದು ವರ್ಷದಲ್ಲಿ ಅಪರೂಪ, ಆವತ್ತಿಗೆ ಎರಡನೇ ಪಂಕ್ತಿ ಇದ್ದೇ ಇದೆ.

ಆರ್ಡರ್ ಮಾಡುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಈ ಸಾಲುಗಳನ್ನು ಬರೆದು, ಕುರ್ಚಿ ಇಟ್ಟು, ಇಬ್ಬರು ಬಕೆಟ್ ಹಿಡಿದು ನಡೆದು ನೋಡಿ. ಕಾಗದದಲ್ಲಿ ಸರಿ ಕಂಡದ್ದು ನೆಲದಲ್ಲಿ ಇಕ್ಕಟ್ಟಾಗಿರುತ್ತದೆ. ಇನ್ನೂ ಒಳ್ಳೆಯದು ಅಂದರೆ ಮುಂದಿನ ಹಬ್ಬಕ್ಕೆ ಇದೇ ಅಳತೆಯ ಟೇಬಲ್‌ಗಳನ್ನು ಬಾಡಿಗೆಗೆ ತಂದು ಒಂದು ಊಟ ಮುಗಿಸಿ ನೋಡುವುದು.

ಹಂತ 5: ಮೇಲ್ಭಾಗ ಯಾವುದರದ್ದು?

ಅರಿಶಿನ, ಎಣ್ಣೆ, ಹುಣಸೆಹಣ್ಣಿನ ಹುಳಿ, ಬಿಸಿ ಪಾತ್ರೆ, ಒದ್ದೆ ಬಟ್ಟೆ. ನಮ್ಮ ಊಟದ ಟೇಬಲ್ ತಡೆಯಬೇಕಾದದ್ದು ಈ ಐದನ್ನು. ಒಂದೊಂದು ಸಾಮಗ್ರಿಯನ್ನೂ ಇವುಗಳ ಎದುರು ಇಟ್ಟು ನೋಡಿ.

ಗ್ರಾನೈಟ್ ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಂದೆ. ಬಿಸಿಗೆ ಜಗ್ಗುವುದಿಲ್ಲ, ಹುಳಿಗೆ ಕರಗುವುದಿಲ್ಲ, ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು. ಜಿಗಣಿ ಸುತ್ತಮುತ್ತ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಗಳು ಬಹಳ ಇರುವುದರಿಂದ ಬೆಂಗಳೂರಿನವರಿಗೆ ಸಿಗುವುದೂ ಸುಲಭ. ತೊಂದರೆ ಭಾರದ್ದು. 20 ಮಿಲಿಮೀಟರ್ ದಪ್ಪದ ಕಲ್ಲು ಒಂದು ಚದರ ಅಡಿಗೆ ಸುಮಾರು 5 ಕೆಜಿ ತೂಗುತ್ತದೆ. ನಮ್ಮ 9 ಚದರ ಅಡಿಯ ಟೇಬಲ್‌ಗೆ ಕಲ್ಲೇ 45 ಕೆಜಿ, ಕಬ್ಬಿಣದ ಸ್ಟ್ಯಾಂಡ್ ಬೇರೆ. ಊಟಕ್ಕೇ ಅಂತ ಮೀಸಲಾದ, ಟೇಬಲ್ ಕದಲಿಸುವ ಅಗತ್ಯವೇ ಇಲ್ಲದ ಭೋಜನಶಾಲೆ ಇದ್ದರೆ ಕಣ್ಣು ಮುಚ್ಚಿಕೊಂಡು ಗ್ರಾನೈಟ್ ಹಾಕಿಸಿ. ಒಂದೇ ಹಾಲ್‌ನಲ್ಲಿ ಬೆಳಿಗ್ಗೆ ಯೋಗ, ಮಧ್ಯಾಹ್ನ ಊಟ ಅಂದರೆ ಬೇಡ.

ಕಲ್ಲಿನ ವಿಷಯಕ್ಕೆ ಇನ್ನೊಂದು ಮಾತು. ಅಗ್ಗ ಅಂತ ಕಡಪ ಕಲ್ಲನ್ನೋ ಶಹಾಬಾದ್ ಕಲ್ಲನ್ನೋ ಟೇಬಲ್‌ಗೆ ಹಾಕುವವರಿದ್ದಾರೆ. ಎರಡೂ ಸುಣ್ಣದ ಕಲ್ಲಿನ ಜಾತಿ. ಮಾರ್ಬಲ್ ಕೂಡ ಅಷ್ಟೇ. ನಿಂಬೆರಸ, ಹುಣಸೆಹುಳಿ, ಮಜ್ಜಿಗೆ ಬಿದ್ದಲ್ಲಿ ಪಾಲಿಶ್ ತಿಂದುಹಾಕಿ ಮಂಕು ಕಲೆ ನಿಲ್ಲುತ್ತದೆ. ಅದು ಕೊಳೆಯಲ್ಲ, ಕಲ್ಲೇ ಸವೆದಿರುವುದು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಸ್ಟೀಲ್ ಹಗುರ, ಸ್ವಚ್ಛ, ಬಿಸಿಗೂ ಒಳ್ಳೆಯದು. ಆದರೆ ಗ್ರೇಡ್ ನೋಡಬೇಕು. 304 ಗ್ರೇಡಿನಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್ ಇರುತ್ತದೆ. 202ರಲ್ಲಿ ನಿಕಲ್ ಕಡಿಮೆ, ಅದರ ಬದಲು ಮ್ಯಾಂಗನೀಸ್ ಹೆಚ್ಚು. ಬೆಲೆಯೂ ಕಡಿಮೆ, ತುಕ್ಕು ತಡೆಯುವ ಶಕ್ತಿಯೂ ಕಡಿಮೆ. ಅಯಸ್ಕಾಂತ ಅಂಟದಿದ್ದರೆ ಒಳ್ಳೆ ಸ್ಟೀಲು ಅನ್ನುವ ಮಾತನ್ನು ನೆಚ್ಚಿಕೊಳ್ಳಬೇಡಿ. 202ಕ್ಕೂ 304ಕ್ಕೂ ಸಾಮಾನ್ಯವಾಗಿ ಅಯಸ್ಕಾಂತ ಅಂಟುವುದಿಲ್ಲ, ಹಾಗಾಗಿ ಅದರಿಂದ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಗ್ರೇಡನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೇ ದಾರಿ. ತಗಡು 18 ಗೇಜ್, ಅಂದರೆ ಸುಮಾರು 1.2 ಮಿಲಿಮೀಟರ್ ಇರಲಿ. ಗೇಜ್ ಸಂಖ್ಯೆ ಹೆಚ್ಚಾದಂತೆ ತಗಡು ತೆಳ್ಳಗಾಗುತ್ತದೆ, ಇದನ್ನು ಮರೆಯಬೇಡಿ. ಕೆಳಗೆ ಪ್ಲೈವುಡ್ ಅಂಟಿಸದ ಬರೀ ತಗಡಾದರೆ ಲೋಟ ಇಟ್ಟರೂ ಢಣ್ ಅನ್ನುತ್ತದೆ. ಅರವತ್ತು ಜನ ಕೂತಾಗ ಆ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ.

ಪ್ಲೈವುಡ್ ಮೇಲೆ ಲ್ಯಾಮಿನೇಟ್, ಅಂದರೆ ಸನ್‌ಮೈಕಾದಂಥ ಗಟ್ಟಿ ಹಾಳೆ ಹಾಕಿದ ಟೇಬಲ್ ಬಹುತೇಕ ಹಾಲ್‌ಗಳಿಗೆ ಹೊಂದುತ್ತದೆ, ನನ್ನ ಓಟೂ ಅದಕ್ಕೇ. 19 ಮಿಲಿಮೀಟರ್ ಪ್ಲೈವುಡ್ ಆದರೆ ಕಾಲು ಸೇರಿ ಒಂದು ಟೇಬಲ್ 16ರಿಂದ 19 ಕೆಜಿ ಬರುತ್ತದೆ. ಇಬ್ಬರು ಸಲೀಸಾಗಿ ಎತ್ತಬಹುದು. ನೀರು ತಡೆಯಲು ಐಎಸ್ 710 ಮಾನದಂಡದ ಮೆರೈನ್ ಪ್ಲೈವುಡ್ಡನ್ನೇ ಕೇಳಿ, ಹಾಳೆಯ ಮೇಲೆ ಐಎಸ್‌ಐ ಗುರುತು ನೋಡಿ. ಮರದ ಚೂರು, ನಾರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳು ಬೇಡವೇ ಬೇಡ. ಅಂಚಿನಲ್ಲಿ ಒಂದು ಸಲ ನೀರು ಹೊಕ್ಕರೆ ನೆನೆದ ರಸ್ಕಿನ ಹಾಗೆ ಉಬ್ಬಿಕೊಳ್ಳುತ್ತವೆ, ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಲ್ಯಾಮಿನೇಟ್ 1 ಮಿಲಿಮೀಟರ್ ಇರಲಿ. ಮೇಲೆ ಹಾಕಿದ ಹಾಗೇ ಕೆಳಗೂ ಒಂದು ತೆಳು ಹಾಳೆ ಹಾಕಿಸಿ, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಬಣ್ಣ ಬಿಳಿ ಬೇಡ, ಅರಿಶಿನ ಎದ್ದು ಕಾಣುತ್ತದೆ. ಕಪ್ಪೂ ಬೇಡ, ಬೋರ್‌ವೆಲ್ ನೀರಿನ ಬಿಳಿ ಕಲೆ ಕಾಣುತ್ತದೆ. ಮರದ ತಿಳಿ ಕಂದು, ಹೊಳಪಿಲ್ಲದ್ದು ಒಳ್ಳೆಯದು.

ಬಜೆಟ್ ಇದ್ದರೆ 12 ಮಿಲಿಮೀಟರ್ ಕಾಂಪ್ಯಾಕ್ಟ್ ಲ್ಯಾಮಿನೇಟ್ ನೋಡಿ. ಒಳಗೆ ಮರವೇ ಇಲ್ಲ, ಪೂರ್ತಿ ಒಂದೇ ಗಟ್ಟಿ ಹಲಗೆ. ನೀರು ಎಲ್ಲಿಂದಲೂ ಹೊಗುವುದಿಲ್ಲ, ಅಂಚಿಗೆ ಪಟ್ಟಿಯೂ ಬೇಕಿಲ್ಲ.

ಮಡಚುವ ಪ್ಲಾಸ್ಟಿಕ್ ಟೇಬಲ್ ಹಗುರ. ಒಬ್ಬರೇ ಎತ್ತುತ್ತಾರೆ, ಹೌಸ್‌ಕೀಪಿಂಗಿನವರಿಗೆ ಬಹಳ ಇಷ್ಟ. ಸಭೆಗೆ, ಮಕ್ಕಳ ಕ್ಲಾಸಿಗೆ ಚೆನ್ನಾಗಿದೆ. ಒಲೆಯಿಂದ ನೇರ ಇಳಿಸಿದ ಪಾತ್ರೆ ಇಟ್ಟರೆ ಮಾತ್ರ ಬಗ್ಗುತ್ತದೆ, ಅರಿಶಿನದ ಕಲೆಯೂ ಬೇಗ ಹಿಡಿಯುತ್ತದೆ. ತೇಗ, ಹೊನ್ನೆ ಮರದ ಟೇಬಲ್ ಮನೆಗೆ ಚೆಂದ. ಇಷ್ಟು ಸಂಖ್ಯೆಯಲ್ಲಿ ಹಾಲ್‌ಗೆ ತಂದರೆ ದುಡ್ಡೂ ಹೆಚ್ಚು, ಭಾರವೂ ಹೆಚ್ಚು.

ಹೀಗಾಗಿ ನಮ್ಮ 26ರಲ್ಲಿ 22 ಲ್ಯಾಮಿನೇಟಿನವು, ಪಾತ್ರೆ ಇಡುವ ನಾಲ್ಕು ಸ್ಟೀಲಿನವು. ಅಳತೆ ಎಲ್ಲಕ್ಕೂ ಒಂದೇ. ಸ್ಟಿಲ್ಟ್ ಪಾರ್ಕಿಂಗ್ ಪಕ್ಕದಲ್ಲೋ ಪಾರ್ಕಿನಲ್ಲೋ ಕಾಯಂ ಟೇಬಲ್ ಬೇಕೆಂದರೆ ಸಾದರಹಳ್ಳಿ ಕಲ್ಲಿನದ್ದೇ, ಅಂದರೆ ಬೂದು ಗ್ರಾನೈಟಿನದ್ದೇ ಹಾಕಿಸಿ. ಮಳೆ, ಬಿಸಿಲು, ಗೆದ್ದಲು ಯಾವುದರ ಚಿಂತೆಯೂ ಇರುವುದಿಲ್ಲ.

ಹಂತ 6: ಕಾಲು ಮತ್ತು ಅಂಚು

ಟೇಬಲ್ ಹಾಳಾಗುವುದು ಮೇಲಿನಿಂದ ಅಲ್ಲ, ಅಂಚಿನಿಂದ ಮತ್ತು ಕಾಲಿನಿಂದ. ಅಂಗಡಿಯಲ್ಲಿ ಎಲ್ಲರೂ ಮೇಲ್ಭಾಗ ಸವರಿ ನೋಡುತ್ತಾರೆ. ನೀವು ಟೇಬಲ್ ತಿರುಗಿಸಿ ಹಾಕಿಸಿ.

ಅಂಚಿಗೆ 2 ಮಿಲಿಮೀಟರ್ ಪಿವಿಸಿ ಪಟ್ಟಿ ಮೆಷಿನ್ನಿನಲ್ಲಿ ಅಂಟಿಸಿರಬೇಕು. ಕೈಯಲ್ಲಿ ಫೆವಿಕಾಲ್ ಹಚ್ಚಿ ಒತ್ತಿದ ತೆಳು ಪಟ್ಟಿ ಮೊದಲ ಮಳೆಗಾಲದಲ್ಲೇ ಏಳುತ್ತದೆ. ಮೂಲೆಗಳು ದುಂಡಗಿರಲಿ. ಓಡುವ ಮಕ್ಕಳ ಹಣೆ ಸರಿಯಾಗಿ ಆ ಎತ್ತರಕ್ಕೇ ಬರುತ್ತದೆ.

ಕಾಲಿಗೆ ಒಂದು ಇಂಚಿನ ಚೌಕ ಕಬ್ಬಿಣದ ಪೈಪ್, 16 ಗೇಜ್, ಮೇಲೆ ಪೌಡರ್ ಕೋಟಿಂಗ್. ವೆಲ್ಡಿಂಗ್ ಮಾಡಿದ ಜಾಗವನ್ನು ಉಜ್ಜಿ ನಯ ಮಾಡಿದ್ದಾರಾ, ಪೈಪಿನ ಕೆಳತುದಿ ಮುಚ್ಚಿದೆಯಾ ನೋಡಿ. ತೆರೆದ ತುದಿಯೊಳಗೆ ನೆಲ ಒರೆಸಿದ ನೀರು ಹೋಗಿ ತುಕ್ಕು ಒಳಗಿನಿಂದ ತಿನ್ನುತ್ತದೆ. ತುದಿಗೆ ದಪ್ಪ ರಬ್ಬರ್ ಬುಶ್ ಇರಲೇಬೇಕು. ಟೈಲ್ಸ್ ಮೇಲೆ ಎಳೆದಾಗ ಕಿರುಗುಟ್ಟುವ ಸದ್ದು ಕೆಳಗಿನ ಮನೆಯವರಿಗೆ ಕೇಳುತ್ತದೆ, ಗ್ರೂಪಿನಲ್ಲಿ ದೂರು ಬರುತ್ತದೆ.

ಮಡಚುವ ಕಾಲಿನ ಲಾಕ್ ಬಹಳ ಮುಖ್ಯ. ತೆರೆದಾಗ ಟಕ್ ಅಂತ ಕೂರಬೇಕು, ಪಕ್ಕದಿಂದ ಮೊಣಕಾಲು ತಾಗಿದರೆ ಬಿಚ್ಚಿಕೊಳ್ಳಬಾರದು. ಬೆರಳು ಸಿಕ್ಕಿಕೊಳ್ಳುವ ಸಂದು ಇದ್ದರೆ ಆ ಮಾಡೆಲ್ ಬಿಟ್ಟುಬಿಡಿ. ಪರೀಕ್ಷೆ ಹೀಗೆ ಮಾಡಿ: ಟೇಬಲ್ ನಿಲ್ಲಿಸಿ, ಒಂದು ತುದಿಯ ಮೇಲೆ ಎರಡೂ ಅಂಗೈ ಊರಿ ಪೂರ್ತಿ ಭಾರ ಬಿಡಿ. ಇನ್ನೊಂದು ತುದಿ ಏಳಬಾರದು. ಕೆಳಗೆ ಕೂತು ಏಳುವಾಗ ಹಿರಿಯರು ಮಾಡುವುದು ಇದನ್ನೇ. 18 ಇಂಚಿನ ಟೇಬಲ್ ಕಿರಿದಾದ್ದರಿಂದ ಮುಂದಕ್ಕೆ ಒರಗಿದಾಗಲೂ ಮಗುಚಬಾರದು. ಅದಕ್ಕೆ ಕಾಲುಗಳ ನಡುವಿನ ಅಂತರ ಟೇಬಲ್ಲಿನ ಅಗಲಕ್ಕೆ ಹೆಚ್ಚು ಕಡಿಮೆ ಸಮ ಇರಬೇಕು.

ಹಂತ 7: ಯಾರನ್ನೂ ಹೊರಗಿಡದ ಎತ್ತರ

ಟೇಬಲ್ 29ರಿಂದ 30 ಇಂಚು ಎತ್ತರ, ಕುರ್ಚಿಯ ಆಸನ 17ರಿಂದ 18 ಇಂಚು. ನಡುವೆ 11-12 ಇಂಚು ಇದ್ದರೆ ಕೈ ಆರಾಮವಾಗಿ ಎಲೆಗೆ ಬರುತ್ತದೆ. ಇರುವ ಕುರ್ಚಿಗಳನ್ನೇ ಬಳಸುವುದಾದರೆ ಮೊದಲು ಅವನ್ನು ಅಳೆದು, ಅದಕ್ಕೆ ತಕ್ಕ ಹಾಗೆ ಟೇಬಲ್ ಮಾಡಿಸಿ. ಕೈಯಿರುವ ಕುರ್ಚಿ ಹಿರಿಯರಿಗೆ ಬೇಕೇ ಬೇಕು, ಆ ಕೈ ಟೇಬಲ್ಲಿನ ಕೆಳಗೆ ಹೋಗುವಂತಿರಲಿ.

ಗಾಲಿಕುರ್ಚಿಯಲ್ಲಿ ಬರುವವರಿಗೆ ಟೇಬಲ್ಲಿನ ಕೆಳಗೆ ನೆಲದಿಂದ 27 ಇಂಚು ಎತ್ತರ, 30 ಇಂಚು ಅಗಲ ಖಾಲಿ ಬೇಕು. ಅಂದರೆ ಹಲಗೆ, ಅದರ ಕೆಳಗಿನ ಫ್ರೇಮ್ ಎರಡೂ ಸೇರಿ 30 ಇಂಚಿನ ಟೇಬಲ್ಲಿನಲ್ಲಿ 3 ಇಂಚು, 29 ಇಂಚಿನದ್ದರಲ್ಲಿ 2 ಇಂಚು ಮೀರಬಾರದು, ಮುಂದೆ ಅಡ್ಡಕಂಬಿ ಇರಬಾರದು. ಇದನ್ನು ಮೊದಲೇ ಟೇಬಲ್ ಮಾಡಿಕೊಡುವ ಫ್ಯಾಬ್ರಿಕೇಟರ್‌ಗೆ ಹೇಳಿದರೆ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಎಲ್ಲ ಟೇಬಲ್‌ಗಳೂ ಹೀಗೇ ಇದ್ದರೆ ಗಾಲಿಕುರ್ಚಿಯವರು ಮೂಲೆಯಲ್ಲೊಂದು ವಿಶೇಷ ಟೇಬಲ್‌ಗೆ ಹೋಗಬೇಕಾಗಿಲ್ಲ, ತಮ್ಮ ಮನೆಯವರ ಪಕ್ಕದಲ್ಲೇ ಪಂಕ್ತಿಯಲ್ಲಿ ಕೂರಬಹುದು. ಸಮುದಾಯದ ಊಟ ಅಂದರೆ ಅದೇ ಅಲ್ವಾ? ಈ ಅಂಶದಲ್ಲಿ ರಾಜಿ ಮಾಡಿಕೊಳ್ಳಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಹಂತ 8: ಇಡುವ ಜಾಗ

ಮಡಚಿದ ಟೇಬಲ್ ಸುಮಾರು 3 ಇಂಚು ದಪ್ಪ. ಹತ್ತು ಟೇಬಲ್ ನಿಲ್ಲಿಸಿದರೆ ಎರಡೂವರೆ ಅಡಿ. ಗಾಲಿ ಇರುವ ಮೂರು ಟ್ರಾಲಿ ಮಾಡಿಸಿದರೆ ಎಲ್ಲ 26ನ್ನೂ ಒಂದು ಸಣ್ಣ ಕೋಣೆಯಲ್ಲಿಡಬಹುದು. ಟ್ರಾಲಿ ಬಾಗಿಲಿನಲ್ಲಿ ಹಿಡಿಸುತ್ತಾ ನೋಡಿ. ಮೆಟ್ಟಿಲ ಕೆಳಗೆ, ಕಾರಿಡಾರಿನಲ್ಲಿ ಇಡಬೇಡಿ, ಬೆಂಕಿ ಬಿದ್ದಾಗ ಜನ ಓಡುವ ದಾರಿ ಅದು.

ಹಂತ 9: ಕೊಟೇಶನ್, ಸ್ಯಾಂಪಲ್, ಆರ್ಡರ್

ಇಪ್ಪತ್ತಕ್ಕಿಂತ ಹೆಚ್ಚು ಟೇಬಲ್ ಬೇಕಾದಾಗ ಶೋರೂಮಿಗಿಂತ ಮಾಡಿಸುವುದೇ ಲೇಸು. ಸ್ಟೀಲ್ ಮತ್ತು ಕಬ್ಬಿಣದ ಕೆಲಸಕ್ಕೆ ಪೀಣ್ಯದ ಫ್ಯಾಬ್ರಿಕೇಟರ್‌ಗಳು, ಪ್ಲೈವುಡ್‌ಗೆ ಸಿದ್ದಯ್ಯ ರಸ್ತೆ, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್, ಕಲ್ಲಿಗೆ ಜಿಗಣಿ. ಕೆಲಸದ ದಿನ ಬೆಳಿಗ್ಗೆ ಹೋಗಿ. ಯಂತ್ರ ಓಡುತ್ತಿರುತ್ತದೆ, ಕೆಲಸದ ಗುಣಮಟ್ಟ ಕಣ್ಣಿಗೆ ಕಾಣುತ್ತದೆ.

ಮೂವರಿಂದ ಕೊಟೇಶನ್ ತನ್ನಿ, ಆದರೆ ಮೂವರಿಗೂ ಒಂದೇ ಕಾಗದ ಕೊಡಿ. ಉದ್ದ, ಅಗಲ, ಎತ್ತರ, ಪ್ಲೈವುಡ್ಡಿನ ಮಾನದಂಡ ಮತ್ತು ದಪ್ಪ, ಲ್ಯಾಮಿನೇಟಿನ ದಪ್ಪ, ಅಂಚಿನ ಪಟ್ಟಿ, ಪೈಪಿನ ಗೇಜ್, ಕೋಟಿಂಗ್, ಬುಶ್, ಕೆಳಗಿನ ಖಾಲಿ ಎತ್ತರ, ಎಲ್ಲ ಬರೆದಿರಬೇಕು. ಇಲ್ಲದಿದ್ದರೆ ಒಬ್ಬರು ಮೆರೈನ್ ಪ್ಲೈವುಡ್ಡಿಗೆ, ಇನ್ನೊಬ್ಬರು ಪಾರ್ಟಿಕಲ್ ಬೋರ್ಡಿಗೆ ರೇಟ್ ಹಾಕಿರುತ್ತಾರೆ. ನೀವು ಕಡಿಮೆ ರೇಟಿನವರನ್ನು ಆರಿಸಿರುತ್ತೀರಿ. ಜಿಎಸ್‌ಟಿ, ಸಾಗಣೆ, ಮಹಡಿಗೆ ಏರಿಸುವ ಕೂಲಿ ಸೇರಿ ಒಂದೇ ಮೊತ್ತ ಕೇಳಿ. ಎಷ್ಟು ವರ್ಷ ಗ್ಯಾರಂಟಿ, ಅದರಲ್ಲಿ ಲಾಕ್ ಮತ್ತು ಅಂಚು ಸೇರಿದೆಯಾ ಅಂತ ಬರಹದಲ್ಲಿ ಪಡೆಯಿರಿ.

ಆಮೇಲೆ ಒಂದೇ ಒಂದು ಸ್ಯಾಂಪಲ್ ಮಾಡಿಸಿ ಹಾಲ್‌ಗೆ ತರಿಸಿ. ಎರಡು ವಾರ ಅಲ್ಲೇ ಇರಲಿ. ಅರಿಶಿನ ಕಲಸಿದ ಎಣ್ಣೆಯನ್ನು ಒಂದು ರಾತ್ರಿ ಮೇಲೆ ಬಿಟ್ಟು ಬೆಳಿಗ್ಗೆ ಒರೆಸಿ. ಅಂಚಿನ ಮೇಲೆ ಒದ್ದೆ ಬಟ್ಟೆ ಇಡೀ ದಿನ ಹೊದಿಸಿಡಿ. ಬಿಸಿ ಸಾರಿನ ಪಾತ್ರೆ ಇಡಿ. ಹೌಸ್‌ಕೀಪಿಂಗಿನವರ ಕೈಯಲ್ಲಿ ಹತ್ತು ಸಲ ಬಿಚ್ಚಿಸಿ, ಮಡಚಿಸಿ. ಅವರು ಸೈ ಅಂದರೆ ಆರ್ಡರ್ ಕೊಡಿ. ಆ ಸ್ಯಾಂಪಲನ್ನು ವಾಪಸ್ ಕಳಿಸಬೇಡಿ, ಮಾಲು ಬಂದಾಗ ಹೋಲಿಸಲು ಬೇಕು.

ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ಕೊನೆಯ ಕಂತು ಎಲ್ಲವನ್ನೂ ಬಿಡಿಸಿ ನಿಲ್ಲಿಸಿ, ಎರಡೆರಡು ಜೋಡಿಸಿ ಎತ್ತರ ನೋಡಿದ ಮೇಲೆ.

ಹಂತ 10: ಬಂದ ಮೇಲೆ

ಪ್ರತಿ ಟೇಬಲ್ಲಿನ ಕೆಳಗೆ ಸಂಖ್ಯೆ ಬರೆಸಿ. ಯಾವುದು ರಿಪೇರಿಗೆ ಹೋಯಿತು, ಯಾವುದು ಯಾರ ಮನೆಗೆ ಹೋಗಿ ಉಳಿಯಿತು ಅಂತ ತಿಳಿಯಲು ಬೇರೆ ದಾರಿಯಿಲ್ಲ.

ಊಟದ ದಿನ ಮೇಲೆ ಹಾಸಲು ಪೇಪರ್ ರೋಲ್ ಬಳಸಿ. ಪ್ಲಾಸ್ಟಿಕ್ ಹಾಳೆ ಬೇಡ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಊಟದ ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯ ಹೆಸರೂ ಇದೆ. ಪೇಪರ್ ಆದರೆ ಎಂಜಲು ಎಲೆಯ ಜೊತೆಗೇ ಸುತ್ತಿ ಹಸಿ ಕಸಕ್ಕೆ ಹಾಕಬಹುದು. ಒಳಗೆ ಪ್ಲಾಸ್ಟಿಕ್ ಲೇಪ ಇಲ್ಲದ್ದನ್ನೇ ತನ್ನಿ.

ಒರೆಸಲು ಪಾತ್ರೆ ತೊಳೆಯುವ ಸೋಪಿನ ನೀರು, ಆಮೇಲೆ ಬರೀ ನೀರು, ಆಮೇಲೆ ಒಣ ಬಟ್ಟೆ. ಪೈಪ್ ಹಿಡಿದು ತೊಳೆಯುವುದು ಬೇಡ, ನೀರೂ ದಂಡ, ಅಂಚೂ ಹಾಳು. ಸ್ಟೀಲ್ ಮೇಲೆ ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ತೊಳೆಯುವ ಆಸಿಡ್ ಎಂದೂ ಹಾಕಬೇಡಿ, 304 ಆದರೂ ಚುಕ್ಕೆ ಚುಕ್ಕೆಯಾಗಿ ತುಕ್ಕು ಬರುತ್ತದೆ. ಅರಿಶಿನದ ಕಲೆ ಉಳಿದರೆ ಒಂದು ಮಧ್ಯಾಹ್ನ ಬಿಸಿಲಿಗೆ ಇಡಿ. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ, ತಿಕ್ಕುವ ಕೆಲಸ ಉಳಿಯುತ್ತದೆ.

ಆರು ತಿಂಗಳಿಗೊಮ್ಮೆ ಬುಶ್, ಸ್ಕ್ರೂ, ಲಾಕ್ ನೋಡಿಸಿ. ಆರ್ಡರ್ ಕೊಡುವಾಗಲೇ ಮೂವತ್ತು ನಲವತ್ತು ಬುಶ್ ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ. ಮೊದಲು ಕಳೆದುಹೋಗುವುದು ಅವೇ, ಆಮೇಲೆ ಅದೇ ಅಳತೆಯದ್ದು ಹುಡುಕುವುದು ಕಷ್ಟ.